ಹೊಸ ಮುಯ್ಯಿ ಬೇಡ ಎಂದವಳು

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ಪಂಚವರ್ಣಳದ್ದು ಹದಿನಾಲ್ಕು ದಾಟಿತು. ತಂಜಾವೂರಿನ ಕಡೆಯ ನಮ್ಮ ಕೀರಮಂಗಲದ ಹೂವಿನ ಮಂಡಿಯಲ್ಲಿ ಅವಳಷ್ಟು ಬೇಗ ಮಲ್ಲಿಗೆ ಕಟ್ಟುವವರೂ ಇರಲಿಲ್ಲ, ಅವಳಷ್ಟು ನಿಧಾನವಾಗಿ ಸಿಟ್ಟು ಕಾಯಿಸುವವರೂ ಇರಲಿಲ್ಲ.

ಹಗೆ ಹುಟ್ಟಿದ್ದು ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ. ಮಗಳು ಕಯಲ್‌ವಿಳಿಗೆ ನಾಲ್ಕು ತುಂಬಿದಾಗ ಗಂಡ ಹೆಂಡತಿ ಮಡಿಸಿಟ್ಟ ಬಟ್ಟೆ ಉಟ್ಟು ಅವಳನ್ನು ಸೇರಿಸಲು ಹೋಗಿದ್ದರು. ಆ ಶಾಲೆಯಲ್ಲಿ ಮಕ್ಕಳಿಗಿಂತ ಮೊದಲು ಅಪ್ಪ ಅಮ್ಮನಿಗೇ ಪರೀಕ್ಷೆ. ಶಾಲೆಯ ಯಜಮಾನ ಕುಳಂದೈವೇಲು ಇಂಗ್ಲಿಷಿನಲ್ಲಿ ಏನೋ ಕೇಳಿದ. ತೆಂಗಿನಮರ ಹತ್ತುವ ಗಂಡ ರಾಸು ಚಾವಣಿ ನೋಡಿದ, ಪಂಚವರ್ಣ ನೆಲ ನೋಡಿದಳು.

"ಮನೇಲಿ ಮಗೂ ಜೊತೆ ಇಂಗ್ಲಿಷ್ ಯಾರು ಮಾತಾಡ್ತಾರೆ, ಮಲ್ಲಿಗೆ ಮೊಗ್ಗಾ? ಹೂ ಕಟ್ಟೋರ ಮಗು ಹೂ ಕಟ್ಟಲಿ ಬಿಡಮ್ಮ" ಎಂದ ಕುಳಂದೈವೇಲು.

ಹಿಂದೆ ಕಾದು ಕೂತಿದ್ದ ತಂದೆತಾಯಿಯರು ನಕ್ಕರು. ಅವರ ಸರದಿ ಇನ್ನೂ ಬಂದಿರಲಿಲ್ಲ, ಅದಕ್ಕೇ ನಕ್ಕರು.

ಕಯಲ್ ಸರ್ಕಾರಿ ಶಾಲೆ ಸೇರಿದಳು. ಸಂಜೆ ನಿವೃತ್ತ ನರ್ಸ್ ಸಲೇತ್ ಮೇರಿಯ ಮನೆಯಲ್ಲಿ ಇಂಗ್ಲಿಷ್ ಪಾಠ. ಪಾಠಕ್ಕೆ ಸಂಬಳವೆಂದರೆ ಆ ಮನೆಯ ಮೇರಿ ಮಾತೆಯ ಪಟಕ್ಕೆ ದಿನಕ್ಕೊಂದು ಮೊಳ ಹೂ. ಒಂದು ದಿನವೂ ಅದು ತಪ್ಪಲಿಲ್ಲ.

ದುಡ್ಡನ್ನು ಪಂಚವರ್ಣ ಬ್ಯಾಂಕಿಗೆ ಹಾಕಲಿಲ್ಲ. ನಮ್ಮ ಕಡೆಯವರೆಲ್ಲ ಮಾಡುವಂತೆ ಮುಯ್ಯಿಗೆ ಹಾಕಿದಳು. ಆಷಾಢದ ಹೊತ್ತಿನ ಆಡಿ ತಿಂಗಳು ಬಂತೆಂದರೆ ದಿನಕ್ಕೆ ನಾಲ್ಕು ಕಡೆ ಮುಯ್ಯಿ ಊಟ. ಕುರಿಸಾರು ಅನ್ನ ಉಂಡು, ಮೇಜಿನ ಮುಂದೆ ಹೆಸರು ಬರೆಸಿ, ಐನೂರೋ ಸಾವಿರವೋ ಇಟ್ಟು ಬರುವುದು. ಐದಾರು ವರ್ಷಕ್ಕೊಮ್ಮೆ ನಮ್ಮ ಸರದಿ. ಆಗ ಅವರು ಬಂದು ಉಂಡು ಹಳೆಯದನ್ನು ತಿರುಗಿಸಿ, ಮೇಲೊಂದಿಷ್ಟು ಹೊಸದು ಇಡುತ್ತಾರೆ. ಆ ಹೊಸದರಿಂದಲೇ ನಂಟು ಉಳಿಯುವುದು. ಹಳೆಯದಷ್ಟೇ ಕೈಬದಲಾದರೆ, ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ ಎಂದು ಮುಖಕ್ಕೇ ಹೇಳಿದಂತೆ.

ಕಯಲ್ ಎಂಟನೇ ಕ್ಲಾಸಿನಲ್ಲಿದ್ದಾಗ ಕುಳಂದೈವೇಲು ಹೊಸ ಕಟ್ಟಡಕ್ಕೆಂದು ಮುಯ್ಯಿ ಊಟ ಹಾಕಿದ. ಪಂಚವರ್ಣ ಕಿವಿಯ ಓಲೆ ಅಡವಿಟ್ಟು ನಲವತ್ತು ಸಾವಿರ ಒಯ್ದಳು. ತಲೆ ಕೆಟ್ಟಿದೆಯಾ ಎಂದು ರಾಸು ಬೈದದ್ದಕ್ಕೆ, ಆ ಮನುಷ್ಯ ನನ್ನ ಬಾಗಿಲಿಗೆ ಬರಬೇಕು ಎಂದಷ್ಟೇ ಹೇಳಿದಳು. ಅಲ್ಲಿ ನೋಡಿದರೆ ಯಜಮಾನನಿಗೆ ಅವಳ ಗುರುತೇ ಹತ್ತಲಿಲ್ಲ. ನೋಟಿನ ಕಟ್ಟು ಕಂಡು ಬಾಯಿ ತುಂಬ ಅಕ್ಕಾ ಎಂದ. ಮರೆತೇಬಿಟ್ಟಿದ್ದಾನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಐದು ವರ್ಷ ಕಳೆದು ಪಂಚವರ್ಣಳ ಸರದಿ ಬಂತು. ಕಯಲ್‌ಗೆ ತಂಜಾವೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಸೀಟು ಸಿಕ್ಕಿತ್ತು. ಬರಬೇಕಾದ ಮುಯ್ಯಿಯೆಲ್ಲ ಬಂದರೆ ಮೂರು ವರ್ಷದ ಫೀಸು ಹುಟ್ಟುತ್ತಿತ್ತು. ಹಾಸ್ಟೆಲಿಗೆ ಮಾತ್ರ ಹದಿನೈದು ಸಾವಿರ ಕಡಿಮೆ. ಬರೆಯುವ ಮೇಜಿಗೆ ಕಯಲ್‌ಳೇ ಕೂತಳು, ಪಕ್ಕದಲ್ಲಿ ಹೆಸರು ಕೂಗುವ ಮೈಕಿನವನು.

ಕುಳಂದೈವೇಲು ಬಂದ, ಉಂಡ, ಕೈ ಒರೆಸಿಕೊಂಡು ಮೇಜಿನ ಹತ್ತಿರ ನಿಂತ. ಹುಡುಗಿ ಕಾಲೇಜಿಗೆ ಹೊರಟಿದ್ದಾಳೆಂದು ಕೇಳಿ, ಹಳೆಯ ಚಾಳಿ ಬಿಡದೆ ಇಂಗ್ಲಿಷಿನಲ್ಲಿ ಏನೋ ಕೆಣಕಿದ. ಕಯಲ್ ತಲೆಯೆತ್ತಿ ಉತ್ತರ ಕೊಟ್ಟಳು, ಕೊಡುತ್ತಲೇ ಹೋದಳು, ಕೊನೆಗೆ ಅವನನ್ನೇ ಏನೋ ಕೇಳಿದಳು. ಅವನು ತಮಿಳಿಗೆ ಇಳಿದ. ಯಾವ ಶಾಲೆಯಮ್ಮ ಎಂದ. ಸರ್ಕಾರಿ ಶಾಲೆ ಎಂದಳು ಕಯಲ್. ಪಂಚವರ್ಣಳಿಗೆ ಇಂಗ್ಲಿಷ್ ಒಂದಕ್ಷರ ತಿಳಿಯಲಿಲ್ಲ, ಆದರೆ ಅವನು ತಮಿಳಿಗೆ ಇಳಿದದ್ದು ಚೆನ್ನಾಗಿ ತಿಳಿಯಿತು. ಹೊಟ್ಟೆ ತಣ್ಣಗಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಪಂಚವರ್ಣಳೇ ಅಲ್ಲ.

ಅವನು ಹಳೆಯ ನಲವತ್ತು ಇಟ್ಟ. ಮುಂದಿನ ಆಡಿಯಲ್ಲಿ ತನ್ನ ಊಟ ಇತ್ತಲ್ಲ, ಮೇಲೆ ಧಾರಾಳವಾಗಿ ಹದಿನೈದು ಸಾವಿರ ಹೊಸದನ್ನೂ ಇಟ್ಟ. ಕಯಲ್ ಮುಖ ಅರಳಿತು. ಪಂಚವರ್ಣ ಆ ಹದಿನೈದನ್ನು ಎತ್ತಿ ಅವನ ಅಂಗೈಗೇ ತುರುಕಿದಳು.

"ಹಳೇದು ಮಾತ್ರ ಬರ್ಕೊ. ಹೊಸದು ಬೇಡ."

"ಅಮ್ಮಾ, ಹಾಸ್ಟೆಲಿಗೆ ಕಡಿಮೆ ಬಿದ್ದಿರೋದೇ ಅಷ್ಟು" ಎಂದು ಕಯಲ್ ಪಿಸುಗುಟ್ಟಿದಳು.

"ಬರಿ ಅಂದೆ."

ಮೈಕಿನವನು ಅದನ್ನೇ ಊರಿಗೆಲ್ಲ ಕೇಳುವಂತೆ ಕೂಗಿದ. ಉಣ್ಣುತ್ತಿದ್ದವರ ಕೈ ನಿಂತಿತು. ಯಜಮಾನನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ನಾನೇನು ತಪ್ಪು ಮಾಡಿದೆ ಅಕ್ಕಾ ಎಂದು ಕೇಳಿದ.

"ಅದೂ ನೆನಪಿಲ್ವಾ? ಮನೆಗೆ ಹೋಗಿ ಯೋಚನೆ ಮಾಡಿ" ಎಂದಳು ಅವಳು.

ಅವನಿಗೆ ನೆನಪಾಯಿತೋ ಇಲ್ಲವೋ, ಮಂಡಿಯ ಹೆಂಗಸರಿಗೆ ನೆನಪಾಯಿತು. ಅವರಲ್ಲಿ ಅರ್ಧ ಜನ ಆ ಶಾಲೆಯಲ್ಲಿ ಹಾಗೇ ನೆಲ ನೋಡಿ ಬಂದವರು. ಮುಂದಿನ ಆಡಿಯಲ್ಲಿ ಕುಳಂದೈವೇಲು ಹನ್ನೆರಡು ಕುರಿ ಕಡಿಸಿದ. ಹೆಂಗಸರು ಸಾಲಾಗಿ ಹೋದರು, ಎಲೆಯ ಮುಂದೆ ಕೂರಲಿಲ್ಲ. ಕೊಡಬೇಕಾದದ್ದನ್ನು ಮೇಜಿನ ಮೇಲಿಟ್ಟು, ಹಳೆಯದು ಮಾತ್ರ ಬರೆದುಕೊಳ್ಳಿ ಎಂದು ಒಬ್ಬೊಬ್ಬರೇ ಹೇಳಿ ಬಂದರು. ಸಂಜೆ ಹಂಡೆಗಟ್ಟಲೆ ಸಾರನ್ನು ತೋಟದ ಗುಂಡಿಗೆ ಸುರಿದರಂತೆ.

ಆ ಸುದ್ದಿ ಹೇಳಲು ಪಂಚವರ್ಣ ಮಗಳ ಬಸ್ಸು ಕಾಯುತ್ತಿದ್ದಳು. ತಂಜಾವೂರಿಗೆ ಹೋಗಲು ಎರಡು ಗಂಟೆ, ಬರಲು ಎರಡು. ಒಂದು ವರ್ಷದಿಂದ ಕಯಲ್ ದಿನವೂ ಹೋಗಿ ಬರುತ್ತಿದ್ದಳು, ಬಸ್ಸಿನಲ್ಲಿ ಕೂರಲು ಸೀಟು ಸಿಗುವುದು ವಾರಕ್ಕೊಮ್ಮೆ. ತಾಯಿ ಅವಳನ್ನು ಜಗಲಿಯಲ್ಲಿ ಕೂರಿಸಿ, ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತ, ಕುರಿಯಿಂದ ಗುಂಡಿಯವರೆಗೆ ಎಲ್ಲವನ್ನೂ ಚಪ್ಪರಿಸಿ ಹೇಳಿದಳು.

ಕಯಲ್ ನಗಲಿಲ್ಲ. "ಮಾನ ಹೋಗಿದ್ದು ಅವನದು, ಸರಿ. ಅದಕ್ಕೆ ದಿನಾ ನಿಂತು ನಿಂತು ಕಾಲು ಸವೆಸ್ತಿರೋಳು ನಾನು. ನನ್ನನ್ನ ಒಂದ್ಮಾತು ಕೇಳಿದ್ಯಾ ಅಮ್ಮಾ?"

ಪಂಚವರ್ಣ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಇಲ್ಲ ಕಣೆ. ಅವನು ನಾಳೆ ಬಂದು ಕೊಟ್ರೂ ತಗೊಳಲ್ಲ."

ಕಯಲ್ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.