ಸೀಪೇಜ್ ಎಂದು ಬರೆದು ಕೆಟ್ಟೆ

ನನ್ನ ಒಳ್ಳೆಯ ಇಂಗ್ಲಿಷಿನಿಂದಾಗಿ ಗಿರಿಜಮ್ಮನವರ ನೀರಿನ ಸಂಪಿನೊಳಕ್ಕೆ ಚರಂಡಿ ನೀರು ಹದಿನೈದು ದಿನ ಬಂತು. ನಗಬೇಡಿ. ನಾನಿನ್ನೂ ನಗುವ ಸ್ಥಿತಿಗೆ ಬಂದಿಲ್ಲ.

ಗಿರಿಜಮ್ಮ ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಇಡ್ಲಿ, ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ. ಅವರ ಸಂಸಾರ ನಡೆಯುವುದೇ ಆ ಗ್ರೈಂಡರ್‌ನಿಂದ. ಹೋದ ತಿಂಗಳು ಒಂದು ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದರೆ ಗಬ್ಬು ವಾಸನೆ. ರಸ್ತೆಯಡಿಯ ಚರಂಡಿ ಪೈಪು ಒಡೆದಿತ್ತು.

"ಈ ನೀರಲ್ಲಿ ರುಬ್ಬಿ ಯಾರ ಹೊಟ್ಟೆಗೂ ಹಾಕಲ್ಲ ನಾನು" ಎಂದು ಅವತ್ತೇ ಗ್ರೈಂಡರ್ ನಿಲ್ಲಿಸಿದರು. (ಕ್ಯಾನ್ ನೀರು ತರಬಹುದಿತ್ತಲ್ಲ ಎನ್ನುವವರು ಅಕ್ಕಿ, ಉದ್ದು, ಪಾತ್ರೆ, ಗ್ರೈಂಡರ್ ಎಲ್ಲವನ್ನೂ ಒಂದು ದಿನ ಕ್ಯಾನ್ ನೀರಿನಲ್ಲಿ ತೊಳೆದು ನೋಡಿ.)

ಆಮೇಲೆ ನನ್ನ ಬಳಿ ಬಂದರು. "ಸಾರ್, ನೀವು ಇಂಗ್ಲಿಷ್ ಮೇಷ್ಟ್ರು. ಒಂದು ಕಂಪ್ಲೇಂಟ್ ಬರ್ಕೊಡಿ. ಕನ್ನಡದಲ್ಲಿ ಬರೆದ್ರೆ ಮೂಲೆಗೆ ಹಾಕ್ತಾರೆ."

ಇದು ನಮ್ಮ ಹಳೇ ಬಡಾವಣೆಗಳ ನಂಬಿಕೆ. ಮೋರಿ ಕಟ್ಟಿಕೊಂಡರೂ, ಬೀದಿದೀಪ ಕೆಟ್ಟರೂ ಇಂಗ್ಲಿಷಿನಲ್ಲೇ ಅರ್ಜಿ. ನಾನೂ ಉಬ್ಬಿಹೋದೆ. ಮೊದಲು 'ಲೀಕೇಜ್' ಎಂದು ಬರೆದೆ. ಛೆ, ಪ್ಲಂಬರ್ ಭಾಷೆ ಅನ್ನಿಸಿತು. ಹೊಡೆದುಹಾಕಿ 'ಸೀಪೇಜ್' ಎಂದು ಬರೆದೆ. ಎಷ್ಟು ಗಂಭೀರವಾಗಿದೆ ಎಂದು ಎರಡು ಸಲ ಓದಿಕೊಂಡೆ.

ಜಲಮಂಡಳಿಗೆ ಕೊಟ್ಟ ಐದನೇ ದಿನ ಮೆಸೇಜ್ ಬಂತು. ದೂರು ಪರಿಹಾರವಾಗಿದೆಯಂತೆ! ಯಾರು ಬಂದರು? ಎಲ್ಲಿ ಅಗೆದರು? ಮೈಯೆಲ್ಲ ಉರಿದು ಕಚೇರಿಗೆ ಹೋದೆ.

ಎಂಜಿನಿಯರ್ ಕಂಪ್ಯೂಟರ್‌ನಿಂದ ತಲೆ ಎತ್ತಲಿಲ್ಲ. "ಸೀಪೇಜ್ ಅಂದ್ರೆ ಗೋಡೆಯಿಂದ ಜಿನುಗೋದು ಸಾರ್. ಅದು ಓನರ್ ಜವಾಬ್ದಾರಿ, ಸಂಪಿಗೆ ಪ್ಲಾಸ್ಟರ್ ಮಾಡಿಸ್ಕೋಬೇಕು. ಲೀಕೇಜ್ ಅಂದ್ರೆ ನಮ್ಮ ಪೈಪ್ ಒಡೆದು ಸೋರೋದು. ನೀವೇ ಸೀಪೇಜ್ ಅಂತ ಬರ್ದಿದೀರಲ್ಲ?"

ಈ ವ್ಯತ್ಯಾಸ ನನಗೇ ಪಾಠ! ಒಡಕಿನಿಂದ ಸೋರುವುದು ಒಂದು. ಮಣ್ಣು, ಗಾರೆಯ ಸಂದಿನಲ್ಲಿ ಮೆಲ್ಲಗೆ ಒಸರುವುದು ಇನ್ನೊಂದು. ಪೈಪಿನಿಂದ ಸೋರಿದ್ದೇ ಮಣ್ಣಿನಲ್ಲಿ ಒಸರಿ ಸಂಪಿಗೆ ಬಂದಿದೆ. ಎರಡು ಪದವೂ ನಿಜವೇ. ಒಬ್ಬರು ಬಂದು ಮೂಸಿ ನೋಡಿದ್ದರೆ ಸಾಕಿತ್ತು. ಮೂಗಿಗೂ ಡಿಕ್ಷನರಿ ಬೇಕೇ?

"ಒಂದ್ಸಲ ಬಂದು ನೋಡಿ ಸ್ವಾಮಿ" ಎಂದು ಕೂಗಿದೆ.

"ಲೀಕೇಜ್ ಅಂತ ಹೊಸ ಕಂಪ್ಲೇಂಟ್ ಹಾಕಿ. ಹಳೇದು ಕ್ಲೋಸ್ ಆಗಿದೆ" ಎಂದರು.

ಹಾಕಿದೆ. ಮತ್ತೆ ಸರದಿಯ ಕೊನೆಗೆ ನಿಂತೆವು. ಹತ್ತು ದಿನ ಕಳೆದ ಮೇಲೆ ಬಂದು ರಸ್ತೆ ಅಗೆದು ಪೈಪು ಬದಲಾಯಿಸಿದರು. ಅರ್ಧ ದಿನದ ಕೆಲಸ, ಅಷ್ಟೇ!

ಸಂಪು ತೊಳೆಸಿ ಗಿರಿಜಮ್ಮ ಮೊನ್ನೆ ಮತ್ತೆ ರುಬ್ಬಿದರು. ಸಂಜೆಯಾದರೂ ಮುಕ್ಕಾಲು ಪಾಲು ಹಿಟ್ಟು ಹಾಗೇ ಇತ್ತು. ಇಷ್ಟು ದಿನದಲ್ಲಿ ಬೀದಿಯವರೆಲ್ಲ ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಒಗ್ಗಿಕೊಂಡಿದ್ದರು. ಗಿರಿಜಮ್ಮನವರಾದರೋ ಒಂದು ಡಬ್ಬಿ ತುಂಬ ಹಿಟ್ಟು ತಂದು ನನ್ನ ಕೈಗಿಟ್ಟರು. "ನೀವು ಬರ್ಕೊಟ್ಟಿದ್ದಕ್ಕೇ ಕೆಲಸ ಆಯ್ತು ಸಾರ್" ಎಂದರು.

ಸರಿಯಾದ ಪದ ಬರೆದು ನಾನೇ ಹೊಡೆದುಹಾಕಿದ್ದು ಅವರಿಗೆ ಗೊತ್ತಿಲ್ಲ. ಆ ಎಂಜಿನಿಯರನ್ನು ಬೈಯಲು ನನಗೆ ಎರಡು ಭಾಷೆಯಲ್ಲೂ ಪದಗಳು ಸಿಕ್ಕವು. ಗಿರಿಜಮ್ಮನವರಿಗೆ ಇದನ್ನು ಹೇಳಲು ಒಂದರಲ್ಲೂ ಯಾಕೆ ಸಿಗುತ್ತಿಲ್ಲ?