ಮೂವತ್ತೆರಡು ವರ್ಷದ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನಿವೃತ್ತರಾದ ವಾರಕ್ಕೇ ಹೆಂಡತಿ ಅವರನ್ನು ಟ್ರಾವೆಲ್ ಆಫೀಸಿಗೆ ಎಳೆದುಕೊಂಡು ಹೋದರು. ವಿದೇಶದಲ್ಲಿ ತಾವೇ ಕಾರು ಓಡಿಸಿಕೊಂಡು ಸುತ್ತುವ ಆಸೆ ಆಕೆಯದು.

“ಹೊಸಬರಾದ್ರೆ ನೇರ ರಸ್ತೆ, ಖಾಲಿ ರಸ್ತೆ ಇರೋ ದೇಶ. ಪಳಗಿದವರಾದ್ರೆ ಬೆಟ್ಟದ ತಿರುವು,” ಎಂದಳು ಆಫೀಸಿನ ಹುಡುಗಿ. “ಎಷ್ಟು ವರ್ಷ ಅನುಭವ ಸರ್?”

“ಮೂವತ್ತೆರಡು,” ಎಂದರು ಹೆಂಡತಿ.

ಹುಡುಗಿ ಕಡಿದಾದ ತಿರುವಿನ ಫೋಟೊ ತೋರಿಸಿದಳು. ಮೇಜಿನಡಿ ಮೇಷ್ಟ್ರ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಅಷ್ಟು ವರ್ಷವೂ ಸ್ಟೀರಿಂಗ್ ಕಲಿಯಲು ಬಂದ ಕಂಡವರ ಕೈಯಲ್ಲಿತ್ತು. ಅವರ ಪಾಲಿಗಿದ್ದದ್ದು ಪಕ್ಕದ ಸೀಟಿನ ಬ್ರೇಕು ಮಾತ್ರ.

“ಹೊಸಬ ಅಂತಲೇ ಬರ್ಕೊಳ್ಳಮ್ಮ,” ಎಂದರು ಸುಸ್ತಾಗಿ. “ಬ್ರೇಕ್ ಒತ್ತಿದ್ದು ಬಿಟ್ರೆ ನಾನು ಬೇರೇನೂ ಮಾಡಿಲ್ಲ.”

“ಮನೇಲೂ ಅಷ್ಟೇ,” ಎಂದರು, ಗುಟ್ಟಾಗಿ ಬೇರೆ ಸ್ಕೂಲಿನಲ್ಲಿ ಡ್ರೈವಿಂಗ್ ಕಲಿತಿದ್ದ ಹೆಂಡತಿ. ಪೆನ್ನು ತೆಗೆದುಕೊಂಡು, ಫಾರಂನಲ್ಲಿ ಚಾಲಕರ ಜಾಗದಲ್ಲಿ ತಮ್ಮ ಹೆಸರು ಬರೆದರು.