ದೊಡ್ಡಪ್ಪನ ಎಡಗಡೆಯ ಜಾಗ

ಮೊನ್ನೆ ಯಲಹಂಕದ ಹಳೇ ಬೀದಿಯೊಂದರಲ್ಲಿ ಯಾರೋ ಹುಚ್ಚೆಳ್ಳು ಹುರಿಯುತ್ತಿದ್ದರು. ಆ ಘಮ ಮೂಗಿಗೆ ಬಡಿದದ್ದೇ ಸ್ಕೂಟರ್ ನಿಲ್ಲಿಸಿಬಿಟ್ಟೆ. ಅಟ್ಟೂರಿನ ನಮ್ಮ ಎದುರುಮನೆಯ ದೊಡ್ಡಮ್ಮ ನೆನಪಾದರು...

ಬೀದಿಯವರೆಲ್ಲ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆವು. ಮಕ್ಕಳಾಗಿರಲಿಲ್ಲ. ಗಂಡ, ಅಂದರೆ ನಮ್ಮೆಲ್ಲರ ದೊಡ್ಡಪ್ಪ, ತೀರಿಕೊಂಡಾಗ ತಮ್ಮ ಹೊಲದಲ್ಲೇ ಮಣ್ಣು ಮಾಡಿಸಿದ್ದರು. ಹಿರಿಯರ ಹಬ್ಬ ಬಂದರೆ ಮುದ್ದೆ, ಹುಚ್ಚೆಳ್ಳು ಚಟ್ನಿ ಎಲೆಯಲ್ಲಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಎಡೆ ಇಡುತ್ತಿದ್ದರು. ಗಂಡನ ಎಡಗಡೆ ಹೆಂಡತಿಗೆ ಜಾಗ ಬಿಡುವುದು ಅವರ ಮನೆತನದ ಪದ್ಧತಿ. ಆ ಆಳುದ್ದದ ನೆಲದಲ್ಲಿ ರಾಗಿ ಬಿತ್ತಲು ದೊಡ್ಡಮ್ಮ ಬಿಡುತ್ತಿರಲಿಲ್ಲ. ಕಳೆ ಕಿತ್ತು, ಸಗಣಿ ನೀರು ಚಿಮುಕಿಸಿ ಜಗುಲಿಯ ಹಾಗೆ ಇಟ್ಟುಕೊಂಡಿದ್ದರು. "ಅದು ನನ್ ಮಂಚ ಕಣಪ್ಪಾ, ತುಳೀಬ್ಯಾಡ" ಎಂದು ನಗುತ್ತಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಆ ಹೊಲ ಲೇಔಟಿಗೆ ಹೋಯಿತು. ಪರಿಹಾರದ ಮಾತನ್ನು ದೊಡ್ಡಮ್ಮ ಎತ್ತಲೇ ಇಲ್ಲ. ಅವರಿಗೆ ಬೇಕಿದ್ದದ್ದು ಆ ಮಂಚ ಒಂದೇ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ಆದರೂ ಓದಲು ಬರೆಯಲು ಬರುತ್ತದೆಂದು ನನ್ನನ್ನೇ ಲೇಔಟ್ ಆಫೀಸಿಗೆ ಕರೆದುಕೊಂಡು ಹೋದರು.

ಅಲ್ಲಿನ ಗುಮಾಸ್ತರು ಕೆಟ್ಟವರೇನಲ್ಲ. ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ನಕಾಶೆ ಬಿಡಿಸಿ, ದೊಡ್ಡಪ್ಪ ಮಲಗಿರುವುದು ಒಂದು ರಸ್ತೆಯ ತಿರುವಿನಲ್ಲಿ ಎಂದು ತೋರಿಸಿದರು.

"ನಾನ್ ಸತ್ರೆ ಅಲ್ಗೇ ಓಗ್ಬೇಕು ಸ್ವಾಮಿ. ಒಂದ್ ಚೀಟಿ ಬರ್ಕೊಡಿ" ಎಂದರು ದೊಡ್ಡಮ್ಮ.

"ಅದಕ್ಕೆ ಮರಣ ಪ್ರಮಾಣಪತ್ರ ಲಗತ್ತಿಸ್ಬೇಕು ಅಜ್ಜಿ."

"ಯಾರ್ದು?"

"ನಿಮ್ದೇ."

"ಸತ್ಮ್ಯಾಕೆ ನಾನೇ ತಂದ್ಕೊಡ್ಬೇಕಾ?"

"ಇಲ್ಲಮ್ಮ, ವಾರಸುದಾರರು ತರ್ತಾರೆ."

"ವಾರಸ್ದಾರ್ರು ಇದ್ದಿದ್ರೆ ನಾನ್ಯಾಕ್ ಬತ್ತಿದ್ದೆ?"

ಗುಮಾಸ್ತರು ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದರು. "ಹಾಗಾದ್ರೆ ಅರ್ಜಿದಾರರೇ ಇಲ್ವಲ್ಲ" ಎಂದರು, ಎದುರಿಗೆ ಕೂತಿದ್ದ ದೊಡ್ಡಮ್ಮನನ್ನು ನೋಡುತ್ತಲೇ.

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಲೇಔಟಿನ ಅಂಚಿನಲ್ಲಿ ಹೊಸ ಸ್ಮಶಾನವಿದೆ, ಒಪ್ಪಿಗೆ ಕೊಟ್ಟರೆ ಸಮಾಧಿಯನ್ನು ಅಲ್ಲಿಗೆ ಸ್ಥಳಾಂತರಿಸಬಹುದು ಎಂದರು. ಮಣ್ಣಲ್ಲಿ ಮಲಗಿದವರನ್ನು ಎಬ್ಬಿಸಬಾರದು ಎಂಬುದೂ ಆ ಮನೆತನದ ಪದ್ಧತಿಯೇ. ಕೆಲವು ದಿನ ದೊಡ್ಡಮ್ಮನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆಮೇಲೆ, "ಪಕ್ಕದಾಗೆ ನಂಗೂ ಜಾಗ ಸಿಕ್ತದಲ್ಲ, ಓಗ್ಲಿ" ಎಂದು ಹೆಬ್ಬೆಟ್ಟು ಒತ್ತಿಬಂದರು.

ಅಗೆದವನು ನಾನೇ. ಸಿಕ್ಕಿದ್ದನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಹೊಸ ಸ್ಮಶಾನದ ಮೊದಲ ಸಾಲಿನ ಮೊದಲ ಗುಂಡಿಯಲ್ಲಿ ಇಟ್ಟೆವು. ಹಾಲು ಬಿಟ್ಟ ದೊಡ್ಡಮ್ಮ ಎಡಗಡೆಗೆ ಸರಿದು ಕಳೆ ಕೀಳತೊಡಗಿದರು. ಕಾವಲುಗಾರ ಓಡಿ ಬಂದ.

"ಅಮ್ಮೋ, ಇಲ್ಲಿ ಜಾಗ ಹಿಡಿಯೋ ಹಂಗಿಲ್ಲ. ಬಂದೋರು ಬಂದಂಗೆ ಸಾಲಾಗಿ. ರೂಲ್ಸು."

ಅಂದರೆ ಆ ಜಾಗ ಬೇಕಿದ್ದರೆ ಮುಂದಿನ ಸಾವು ಅವರದೇ ಆಗಬೇಕು.

ಅಂದಿನಿಂದ ಊರಲ್ಲಿ ಯಾರು ಕೆಮ್ಮಿದರೂ ದೊಡ್ಡಮ್ಮ ಕಷಾಯ ಹಿಡಿದು ಹಾಜರು. "ನನ್ ಮೇಲ್ ಪ್ರೀತೀನೋ, ಜಾಗದ್ ಮೇಲೋ?" ಎಂದು ಹಿಂದಿನ ಬೀದಿಯ ಮುದುಕರೊಬ್ಬರು ಚುಡಾಯಿಸಿದರೆ, "ಬಾಯ್ ಮುಚ್ಕೊಂಡ್ ಕುಡಿ. ನಾನ್ ಓಗೋಗಂಟ ನೀನ್ ಇರ್ಬೇಕು" ಎಂದು ಗದರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಚರಂಡಿ ತೋಡಲು ಬಂದ ಕೂಲಿಯವರ ಶೆಡ್ಡುಗಳು ಊರಾಚೆ ಇದ್ದವು. ಅಲ್ಲಿ ಜ್ವರವಿರುವುದು ನಮಗಾರಿಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಆ ಶೆಡ್ಡಿನವನೊಬ್ಬ ಟವೆಲಿನಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಸ್ಮಶಾನಕ್ಕೆ ಬಂದ. ನಾನು ಅಲ್ಲೇ ಕಾಂಪೌಂಡ್ ಕಟ್ಟುತ್ತಿದ್ದೆ. ದೊಡ್ಡಮ್ಮ ದೊಡ್ಡಪ್ಪನ ತಲೆಯ ಹತ್ತಿರ ಕೂತಿದ್ದರು. ಕಾವಲುಗಾರನಿಗೂ ಮನಸ್ಸಿತ್ತು. "ಅಮ್ಮ, ಇಲ್ಲಿ ಬಂಡೆ ಸಿಕ್ತು ಅಂತ ಬರ್ಕೊಂಡು ಅವನ್ನ ಆ ಮೂಲೇಗ್ ಕಳಿಸ್ತೀನಿ" ಎಂದು ಪಿಸುಗುಟ್ಟಿದ.

ದೊಡ್ಡಮ್ಮ ಟವೆಲಿನ ಕಡೆ ನೋಡಿದರು. ಎದ್ದು, ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡರು.

"ಎಳೇ ಕೂಸು, ಮೂಲೇಲ್ ಒಂಟಿಯಾಗಾ? ಬ್ಯಾಡ. ಇಲ್ಲೇ ಮಲಗ್ಸಿ. ಅವರ್ಗೂ ಮಕ್ಳಂದ್ರೆ ಆಸೆ ಇತ್ತು."

ಆಮೇಲೆ ಅವರು ಯಾರ ಕೆಮ್ಮನ್ನೂ ವಿಚಾರಿಸಲಿಲ್ಲ. ಅವರ ಸರದಿ ಬರುವಷ್ಟರಲ್ಲಿ ಮುಂದಿನ ಸಾಲುಗಳೆಲ್ಲ ತುಂಬಿದ್ದವು. ಗುರುತಿಲ್ಲದವರ ನಡುವೆ, ಎಲ್ಲೋ ಹಿಂದೆ ಜಾಗ ಸಿಕ್ಕಿತು...

ಮೊನ್ನೆ ಸ್ಕೂಟರನ್ನು ಹಾಗೇ ಅತ್ತ ತಿರುಗಿಸಿದೆ. ಸ್ಮಶಾನ ತುಂಬಿ ಗೇಟಿಗೆ ಬೀಗ ಹಾಕಿದ್ದಾರೆ. ಒಳಗೆ ಹೋಗಲು ಪಾಸು ಬೇಕಂತೆ, ಅದೂ ಮನೆಯವರಿಗೆ ಮಾತ್ರವಂತೆ. ಸಂದಿಯಿಂದ ಇಣುಕಿದೆ. ದೊಡ್ಡಪ್ಪನೂ ಆ ಕೂಸೂ ಇರುವ ಮೊದಲ ಸಾಲು ಕಾಣುತ್ತದೆ. ದೊಡ್ಡಮ್ಮ ಇರುವಲ್ಲಿಗೆ ಕಣ್ಣು ಹೋಗುವುದಿಲ್ಲ.